ಎರಡು ಬಿಸಿಲು ಕೇಳಿದ್ದಕ್ಕೆ

ಹಡಗು ಹತ್ತಬೇಕಿದ್ದ ಮೆಣಸಿನಕಾಯಿ ನಮ್ಮ ಅಕ್ಕನ ಹಿತ್ತಲಿಗೆ ವಾಪಸು ಬಂದ ದಿನ ನಾನು ಅಲ್ಲೇ ಇದ್ದೆ. ರವಿವಾರ. ರೋಣದ ಆ ಇಕ್ಕಟ್ಟಿನ ಓಣಿಯೊಳಗೆ ಲಾರಿ ಹಿಂದೆ ಸರಿಯುತ್ತ ಬಂದು ಎದುರು ಮನೆಯ ಕಟ್ಟೆಯ ಮೂಲೆ ಮುರಿಯಿತು. ಅವರೊಡನೆ ಮೊದಲು ಆ ಜಗಳ ಮುಗಿಸಬೇಕಾಯಿತು. ಆಮೇಲೆ ಹಮಾಲರು ಚೀಲ ಇಳಿಸತೊಡಗಿದರು. ಕೆಲವು ವಾರಗಳ ಹಿಂದೆ ಇದೇ ಹಿತ್ತಲಿನಿಂದ, ಇದೇ ಓಣಿಯ ಹೆಂಗಸರು ತೊಟ್ಟು ತೆಗೆದು ಹಸನು ಮಾಡಿ ಕಳಿಸಿದ್ದ ಚೀಲಗಳು. ಎಷ್ಟೋ ಚೀಲಗಳ ಹೊಲಿಗೆ ಬಿಚ್ಚಿ ಮತ್ತೆ ಒರಟಾಗಿ ಹೊಲಿದಿದ್ದರು. ಯಾರೋ ಒಳಗೆ ಕೈ ಹಾಕಿ ನೋಡಿ, ಬೇಡ ಅಂದಿದ್ದರು.

ಅವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಅಂತ ನಾನು ಪ್ರಯತ್ನವನ್ನೂ ಮಾಡಿಲ್ಲ.

ನಾನು ನರಗುಂದದಲ್ಲಿ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವವಳು. ವಾರದ ಕೊನೆಗೆ ಬಸ್ಸು ಹಿಡಿದು ರೋಣಕ್ಕೆ ಬರುತ್ತೇನೆ. ತವರು ಅಂತ ಉಳಿದಿರುವುದು ಅಕ್ಕನ ಮನೆಯೊಂದೇ. ಭಾವ ಇರುವ ಹೊಲ ನೋಡಿಕೊಂಡು, ಬೇಕಾದಷ್ಟೇ ಮಾತಾಡಿಕೊಂಡು ಇದ್ದಾರೆ. ಹಿತ್ತಲಲ್ಲಿ ತಗಡಿನ ಶೆಡ್ಡು. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಬೆಳಿಗ್ಗೆಯಿಂದ ಸಂಜೆಯ ತನಕ ಅಲ್ಲೇ. ಶಿರೋಳ, ಇಟಗಿ ಕಡೆಯ ಹೊಲಗಳ ಒಣ ಕಾಯಿಯನ್ನು ಗಜೇಂದ್ರಗಡದ ಸಾಹುಕಾರರೊಬ್ಬರು ಖರೀದಿಸಿ ಇಲ್ಲಿಗೆ ಕಳಿಸುತ್ತಾರೆ. ಹೆಂಗಸರು ತೊಟ್ಟು ತೆಗೆದು, ಬಣ್ಣಗೆಟ್ಟದ್ದನ್ನು ಆರಿಸಿ ಹಾಕಿ, ಚೀಲ ತುಂಬುತ್ತಾರೆ. ಸಾಹುಕಾರರು ಅದನ್ನು ಬಂದರಿನ ಊರಿನ ರಫ್ತುದಾರನಿಗೆ ಮುಟ್ಟಿಸುತ್ತಾರೆ, ಅವನು ಹಡಗಿಗೆ. ಕೂಲಿ ಮಾತ್ರ ಅದೇ ದಾರಿಯಲ್ಲಿ ತಿರುಗಿ ಬರಬೇಕು, ಅದೂ ನಿಧಾನಕ್ಕೆ. ಮಾಲು ಪಾಸಾಯಿತು ಅಂತ ಬಂದರಿನಿಂದ ಫೋನು ಬರಬೇಕು. ಆಗ ಸಾಹುಕಾರರ ಕೈಗೆ ರೊಕ್ಕ, ಅವರ ಕೈಯಿಂದ ಅಕ್ಕನ ಕೈಗೆ, ಅಕ್ಕನ ಕೈಯಿಂದ ಹೆಂಗಸರಿಗೆ. ಅಲ್ಲಿಯ ತನಕ ಅವರು ಕಾಯುವುದು ಅಕ್ಕನ ಮಾತಿನ ಮೇಲೆ. ಸಾಹುಕಾರರ ಮುಖ ನೋಡಿ ಯಾರೂ ಕೆಲಸಕ್ಕೆ ಬಂದವರಲ್ಲ, ಅಕ್ಕ ಕರೆದಳು ಅಂತ ಬಂದವರು.

ತೊಟ್ಟು ತೆಗೆಯುವುದು ನೋಡುವವರಿಗೆ ಸಲೀಸು. ಬ್ಯಾಡಗಿ ಕಾಯಿ ಚೆನ್ನಾಗಿ ಒಣಗಿದ ಮೇಲೆ ಹಿಡಿದರೆ ಚೂರಾಗುತ್ತದೆ. ಒಣಗಿದ್ದನ್ನೇ ಮುರಿಯಹೋದರೆ ತೊಟ್ಟಿನ ಸಂಗಡ ಕಾಯಿಯ ತಲೆಯೂ ಕಿತ್ತು ಬಂದು ಬೀಜ ಚೆಲ್ಲುತ್ತದೆ. ಅದು ಹೋಗಲಿ, ಘಾಟು ಏಳುತ್ತದೆ. ಮೂಗಿಗೆ ಬಡಿದರೆ ಸೀನು, ಗಂಟಲಿಗೆ ಇಳಿದರೆ ಕೆಮ್ಮು, ಇನ್ನೂ ಕೆಳಗೆ ಇಳಿದರೆ ಏನು ಅಂತ ದವಾಖಾನೆಯವರು ಹೇಳಬೇಕು. ಅದಕ್ಕೇ ನಮ್ಮ ಕಡೆಯ ಹೆಂಗಸರು ಹಿಂದಿನ ಸಂಜೆಯೇ ಕಾಯಿ ಹರವಿ, ಬೇವಿನ ಟೊಂಗೆಯನ್ನು ನೀರಿಗೆ ಅದ್ದಿ ಮೇಲೆ ಚಿಮುಕಿಸಿ, ತಾಡಪತ್ರಿ ಮುಚ್ಚಿ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಕಾಯಿ ಮೆತ್ತಗಾಗಿರುತ್ತದೆ. ಬೆರಳಿಟ್ಟು ತಿರುವಿದರೆ ತೊಟ್ಟಷ್ಟೇ ಬರುತ್ತದೆ. ಘಾಟಿಲ್ಲ. ಕೂತಲ್ಲೇ ಹರಟೆ ಹೊಡೆಯಬಹುದು, ಕೂಸಿಗೆ ಹಾಲು ಕುಡಿಸಬಹುದು. ನಮ್ಮವ್ವ ಮಾಡಿದ್ದು ಹಾಗೆ, ನಮ್ಮವ್ವನ ಅವ್ವ ಮಾಡಿದ್ದೂ ಹಾಗೆ.

ತೊಟ್ಟು ತೆಗೆದ ಕಾಯಿಗೆ ಮಾಳಿಗೆಯ ಮೇಲೆ ಎರಡು ಬಿಸಿಲು ಕೊಡುತ್ತಾರೆ. ಎರಡು ಬಿಸಿಲೆಂದರೆ ಬೆಳಗಿನಿಂದ ಸಂಜೆಯ ತನಕ ಎರಡು ಪೂರ್ತಿ ದಿನ, ನಡುವೆ ಮೋಡ ಮುಸುಕಿದರೆ ಆ ದಿನ ಲೆಕ್ಕಕ್ಕಿಲ್ಲ. ಹಾಕಿದ ನೀರನ್ನೆಲ್ಲ ಆ ಬಿಸಿಲು ಹೀರಬೇಕು. ಕಾಯಿ ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಸಪ್ಪಳ ಮಾಡಬೇಕು. ಅಷ್ಟಾದ ಮೇಲೇ ಚೀಲಕ್ಕೆ.

ಆ ಸಲ ಆ ಎರಡು ಬಿಸಿಲು ಕೊಡಲಿಲ್ಲ. ಕೊಡಲು ಬಿಡಲಿಲ್ಲ ಅನ್ನುವುದು ಖರೇ ಮಾತು. ಕಡೆಯ ಬುಟ್ಟಿಯ ತೊಟ್ಟು ಇನ್ನೂ ತೆಗೆಯುತ್ತಿದ್ದಾಗಲೇ ಲಾರಿ ಓಣಿಗೆ ಬಂದು ನಿಂತಿತ್ತು. ಹಡಗು ಹೇಳಿದ ದಿನಕ್ಕಿಂತ ಮೊದಲೇ ಹೊರಡುತ್ತದೆ, ಇವತ್ತೇ ಹೇರಬೇಕು ಅಂತ ಸಾಹುಕಾರರೇ ಖುದ್ದಾಗಿ ಬಂದಿದ್ದರು. ಅಕ್ಕ ಎರಡು ಬಿಸಿಲು ಕೊಡಿರಿ ಅಂತ ಕೇಳಿದಳಂತೆ. ಒಂದಾದರೂ ಕೊಡಿರಿ ಅಂದಳಂತೆ.

“ತಂಗೆವ್ವಾ, ಹಡಗ ನಿಮ್ಮ ಬಿಸಲಿಗೆ ಕಾಯಂಗಿಲ್ಲ,” ಅಂದರಂತೆ ಸಾಹುಕಾರರು. “ಲಗೂ ಹೇರಸು.”

ನೀರಿನ ತಂಪು ಆರದ ಕಾಯಿ ಹಾಗೆಯೇ ಚೀಲ ಸೇರಿತು. ಚೀಲ ಲಾರಿಯಲ್ಲಿ ಬೆಂದಿತು, ಬಂದರಿನ ಗೋದಾಮಿನ ಬೆವರಿನಲ್ಲಿ ಕೂತಿತು. ಒಳಗೆ ಕಣ್ಣಿಗೆ ಕಾಣದ ಬೂಸ್ಟು ಹಿಡಿದು, ಆ ಬೂಸ್ಟು ವಿಷ ಮಾಡಿತು.

ಲಾರಿಯ ಬೆನ್ನಿಗೇ ಸಾಹುಕಾರರೂ ಬಂದರು. ಅವರನ್ನು ಕೆಟ್ಟವರೆಂದು ಬರೆದುಬಿಟ್ಟರೆ ನನ್ನ ಸಿಟ್ಟಿಗೆ ಎಷ್ಟೋ ಸಲೀಸಾಗುತ್ತಿತ್ತು. ಅವರು ಹಾಗಲ್ಲ. ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಮನೆತನ, ಮೆದು ಮಾತು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವ ಮನುಷ್ಯ. ಕಟ್ಟೆಯ ಮೇಲೆ ಕೂತು ನೀರು ಕುಡಿದು ನಡೆದದ್ದನ್ನು ಹೇಳಿದರು. ಬಂದರಿನಲ್ಲಿ ಕಾಯಿಯನ್ನು ಯಂತ್ರಕ್ಕೆ ಹಾಕಿ ನೋಡಿದ್ದಾರೆ. ಕೊಳ್ಳುವ ದೇಶದವರು ಇಷ್ಟರ ಮೇಲೆ ನಡೆಯದು ಅಂತ ಹಾಕಿದ ಗೆರೆಯನ್ನು ಬೂಸ್ಟಿನ ವಿಷ ದಾಟಿದೆ. ಆ ದೇಶದವರು ಒಲ್ಲೆ ಅಂದರು, ರಫ್ತುದಾರ ಸಾಹುಕಾರರಿಗೆ ರೊಕ್ಕ ಕೊಡಲಾರೆ ಅಂದ. ಸಾಹುಕಾರರು ಅಕ್ಕನಿಗೆ ಹೇಳಲಿಕ್ಕೆ ಬಂದಿದ್ದರು.

“ನೀರ ಹೊಡದವ್ರು ಯಾರು ಅಂತ ಕೇಳಿದ್ರು. ನಾ ಏನ ಹೇಳ್ಬೇಕವಾ?”

“ಬಿಸಲ ಕೇಳಿದವ್ರು ಯಾರು ಅಂತ ಹೇಳಬೇಕಿತ್ರಿ,” ಅಂದಳು ಅಕ್ಕ.

ಸಾಹುಕಾರರು ಕೂಲಿ ಕೊಡಲು ತಮ್ಮ ಕೈಯಲ್ಲೇನೂ ಇಲ್ಲ, ಮಾಲು ಇಲ್ಲೇ ಇರಲಿ, ಕೂಲಿಯ ಬದಲಿಗೆ ಇದು ನಿಮ್ಮದೇ ಅಂದುಬಿಟ್ಟರು. ಹೀಗೆ ಓಣಿಯ ಹೆಂಗಸರ ಇಡೀ ಸುಗ್ಗಿಯ ದುಡಿಮೆ ವಿಷದ ಚೀಲಗಳಾಗಿ ಹಿತ್ತಲಲ್ಲಿ ಬಂದು ಕೂತಿತು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಆ ದೇಶದವರು ಹಾಕಿದ ಗೆರೆ ತಪ್ಪಲ್ಲ. ಆ ವಿಷ ಯಕೃತ್ತನ್ನು ತಿನ್ನುವಂಥದ್ದು, ತಮ್ಮ ಜನ ಅದನ್ನು ತಿನ್ನಬಾರದು ಅಂತ ಒಂದು ಸರಕಾರ ಅಂದರೆ ನಾನು ಕೈಮುಗಿಯುತ್ತೇನೆ. ಪಾಠದಲ್ಲಿ ನಾವು ಹೇಳುತ್ತೇವೆ: ಹೊರಗಿನ ಮಾಲು ತಡೆಯಲು ಮೊದಲು ಸುಂಕ ಹಾಕುತ್ತಿದ್ದರು, ಸುಂಕ ಇಳಿಯುತ್ತ ಬಂದಂತೆ ಗುಣಮಟ್ಟದ ಹೆಸರಿನ ತಡೆಗಳು ಎದ್ದವು, ಅವುಗಳಲ್ಲಿ ಕೆಲವು ನೆಪ, ಕೆಲವು ನಿಜ. ಇದು ನಿಜದ್ದು. ನನ್ನ ತಕರಾರು ಬೇರೆ. ಗೆರೆ ಹಾಕಿದವರು ಕಾಯಿ ಹೇಗಿರಬೇಕು ಅಂದರೇ ಹೊರತು ಅದಕ್ಕೆ ಬೇಕಾದ ಎರಡು ದಿನ ಯಾರು ಕೊಡಬೇಕು ಅನ್ನಲಿಲ್ಲ. ಹಡಗಿನವನು ಕೊಡುವುದಿಲ್ಲ, ರಫ್ತುದಾರ ಕೊಡುವುದಿಲ್ಲ, ಸಾಹುಕಾರ ಕೊಡುವುದಿಲ್ಲ. ಕಡೆಗೆ ದಂಡ ಕಟ್ಟಬೇಕಾದವಳು ಆ ಎರಡು ದಿನವನ್ನು ಬಾಯಿಬಿಟ್ಟು ಕೇಳಿದವಳೇ.

ಮಧ್ಯಾಹ್ನವಾಗಿತ್ತು. ಎಂಥ ಜಗಳವಿದ್ದರೂ ಮನೆಗೆ ಬಂದವರನ್ನು ಉಣಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಕ್ಕ ಸಾಹುಕಾರರಿಗೂ ಗಂಗಾಳ ಹಾಕಿದಳು. ಉಣ್ಣುತ್ತ ಅವರು ದಾರಿಯೊಂದನ್ನು ಹೇಳಿದರು. ಕಾಯಿಯನ್ನು ಗಿರಣಿಗೆ ಹಾಕಿಸಿ ಖಾರಪುಡಿ ಮಾಡಿಸಿರಿ. ಹೆದ್ದಾರಿಯ ಖಾನಾವಳಿಗಳಿಗೆ, ಹಾಸ್ಟೆಲುಗಳ ಅಡಿಗೆಮನೆಗಳಿಗೆ ಖಾರ ಹಾಕುವ ಒಬ್ಬನು ನನಗೆ ಗೊತ್ತು, ನಾಳೆಯೇ ಒಯ್ಯುತ್ತಾನೆ, ಕೈಯಲ್ಲಿ ರೊಕ್ಕ ಇಡುತ್ತಾನೆ. ನಿಮ್ಮ ಕೂಲಿ ಬರುತ್ತದೆ, ಮೇಲೆ ನಾಲ್ಕು ಕಾಸು ಉಳಿದರೂ ಉಳಿಯಿತು. ಇಲ್ಲಿ ಯಂತ್ರಕ್ಕೆ ಹಾಕಿ ನೋಡುವವರು ಯಾರು?

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ನಮ್ಮ ದೇಶದಲ್ಲೂ ಕಾಯಿದೆ ಇದೆ, ಮಿತಿ ಇದೆ ಅಂದೆ. ಇದೆ ಅಂತ ಅವರೂ ಒಪ್ಪಿಕೊಂಡರು, ಭಾಳ ಸಮಾಧಾನದಿಂದ. ರೋಣದ ಸಂತೆಯಲ್ಲಿ ಖಾರಪುಡಿ ಒಯ್ದು ಪರೀಕ್ಷೆ ಮಾಡಿದ್ದನ್ನು ನೀವು ಎಂದಾದರೂ ನೋಡಿದ್ದೀರಾ ಅಂತ ಕೇಳಿದರು. ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಅವರು ಕೆಂಪು ಖಾರದ ಚಟ್ನಿಯ ಭರಣಿಯ ಕಡೆಗೆ ಕೈ ಚಾಚಿದರು. ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸರು ಸಂಜೆ ಹೋಗುವಾಗ ಉಡಿಯಲ್ಲಿ ಒಂದು ಬೊಗಸೆ ಕಾಯಿ ಹಾಕಿಕೊಂಡು ಹೋಗುವುದು ಹಿಂದಿನಿಂದ ಬಂದದ್ದು, ಅದಕ್ಕೆ ಯಾವ ಸಾಹುಕಾರರೂ ಬೇಡ ಅನ್ನುವುದಿಲ್ಲ. ಅಕ್ಕನ ಭರಣಿಯಲ್ಲಿದ್ದದ್ದು ಆ ಬೊಗಸೆಯದೇ, ಅದಕ್ಕೂ ಬಿಸಿಲು ಸಿಕ್ಕಿರಲಿಲ್ಲ. ಅಕ್ಕ ಅವರ ಕೈಯನ್ನು ತಡೆದೇಬಿಟ್ಟಳು.

“ಅದ ಬ್ಯಾಡ್ರಿ, ಆ ಕಾಯೀದ ಐತಿ. ಪುಂಡಿಪಲ್ಯ ಹಾಕ್ತೀನಿ.”

“ಹಾಕವಾ, ಹಾಕು. ಹುಟ್ಟಿದಾಗಿಂದ ತಿಂದದ್ದು ಇದನ್ನ. ನಮ್ಮ ಮನ್ಯಾಗೂ ಇದ ಕಾಯಿ ಕುಟ್ಟಸ್ಯಾರ.”

ಚಟ್ನಿಯನ್ನು ಅವರೇ ಹಾಕಿಕೊಂಡರು. ರೊಟ್ಟಿಗೆ ಹಚ್ಚಿ, ಮೇಲೆ ಎಣ್ಣೆ ಬಿಟ್ಟುಕೊಂಡು, ಚಪ್ಪರಿಸಿ ತಿಂದರು. ಒಂದು ತುತ್ತಿಗಾದರೂ ಅಳುಕಲಿ, ಆಗ ಎದ್ದು ನಿಂತು ಬೈಯೋಣ ಅಂತ ನಾನು ಕಾದುಕೂತಿದ್ದೆ. ಏನೂ ಆಗಲಿಲ್ಲ. ಅವರು ನಾಟಕವಾಡುತ್ತಿರಲಿಲ್ಲ. ತನ್ನ ಹೊಟ್ಟೆಗೆ, ತನ್ನ ಮಕ್ಕಳ ಹೊಟ್ಟೆಗೆ ಒಂದು ಗೆರೆ ಇರಬಹುದು ಅನ್ನುವುದೇ ಆ ಮನುಷ್ಯನ ತಲೆಗೆ ಬಂದಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ನನ್ನಲ್ಲೇ ಉಳಿಯಿತು.

ಅವರು ಹೋದ ಮೇಲೆ ನಾನು ಹಿತ್ತಲ ಬಾಗಿಲಲ್ಲಿ ಕೂತು ಚೀಲ ನೋಡುತ್ತ ಹಲ್ಲು ಕಡಿದೆ. ಎರಡು ದೇಶ, ಎರಡು ಸರಕು ಅಂತ ನಾನು ಹಲಗೆಯ ಮೇಲೆ ಬರೆಯುತ್ತೇನೆ. ಯಾರಿಗೆ ಯಾವುದು ಅಗ್ಗಕ್ಕೆ ಆಗುತ್ತದೆಯೋ ಅವರು ಅದನ್ನೇ ಹೆಚ್ಚು ಮಾಡಿ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಲಾಭ. ಲೆಕ್ಕ ತಪ್ಪಿಲ್ಲ, ಎಷ್ಟು ಸಲ ಮಾಡಿದರೂ ಸರಿಯಾಗೇ ಬರುತ್ತದೆ. ಆದರೆ ಆ ಹಲಗೆಯ ಮೇಲೆ ದೇಶ ಅನ್ನುವುದು ಒಂದೇ ಹೊಟ್ಟೆ, ಒಂದೇ ಜೇಬು. ನಮ್ಮ ದೇಶದೊಳಗೆ ಲಾಭ ಯಾವ ಜೇಬಿಗೆ, ವಿಷ ಯಾವ ಹೊಟ್ಟೆಗೆ ಅಂತ ಬರೆಯಲು ಅಲ್ಲಿ ಜಾಗವೇ ಇಲ್ಲ. ಇನ್ನೊಂದು ಕೇಳಿರಿ. ಈ ಕಾಯಿಯನ್ನು ಪುಡಿ ಮಾಡಿ ಮಾರಿದರೆ ನಮ್ಮ ಪುಸ್ತಕ ಅದನ್ನು ಮೌಲ್ಯವರ್ಧನೆ ಅನ್ನುತ್ತದೆ, ರಾಷ್ಟ್ರೀಯ ಆದಾಯಕ್ಕೆ ಅಷ್ಟು ಕೂಡುತ್ತದೆ. ಅದನ್ನು ತಿಂದವರು ಮುಂದೆಂದೋ ದವಾಖಾನೆಗೆ ಹೋಗಿ ರೊಕ್ಕ ಸುರಿದರೆ ಅದೂ ಕೂಡುತ್ತದೆ. ಮಣ್ಣಲ್ಲಿ ಹುಗಿದರೆ ಮಾತ್ರ ಸೊನ್ನೆ. ಇದನ್ನೆಲ್ಲ ನಾನು ಅಕ್ಕನಿಗೆ ಆವೇಶದಿಂದ ಹೇಳಿದೆ. ಅವಳು ಗಂಗಾಳ ತಿಕ್ಕುತ್ತ ಕೇಳಿಸಿಕೊಂಡಳು, ಸಂಜೆಗೆ ಹೆಂಗಸರು ಬರುತ್ತಾರೆ, ಆಗ ಈ ಪಾಠ ತೆಗೆಯಬೇಡ ಅಂದಳು.

ಸಂಜೆ ಹೆಂಗಸರು ಬಂದರು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು, ಸಾಹುಕಾರರು ತೋರಿಸಿದ ದಾರಿಯನ್ನೂ ಮುಚ್ಚಿಡಲಿಲ್ಲ. ಗಲಾಟೆಯಾಯಿತು. ಮಾರೋಣ ಅನ್ನುವವರೇ ಹೆಚ್ಚು. ಅವರಲ್ಲಿ ಬಾಯಿ ಜೋರಿದ್ದವಳು ಪಕ್ಕದ ಮನೆಯಾಕೆ, ಅಕ್ಕನ ಹಳೆಯ ಗೆಳತಿ. ಗಂಡನ ದುಡಿಮೆ ಅಷ್ಟಕ್ಕಷ್ಟೆ, ಶೆಡ್ಡಿನ ಕೂಲಿ ನಂಬಿ ಮಗಳನ್ನು ನರ್ಸಿಂಗಿಗೆ ಸೇರಿಸಿದ್ದಳು. ಅವಳ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ.

“ಬಡವ್ರ ಹೊಟ್ಟಿಗೆ ಇಷ್ಟೆಲ್ಲಾ ನಾಜೂಕ ಯಾಕ? ನಾವು ತಿಂದು ಅರಗಿಸ್ಕೊಂಡಿಲ್ಲೇನ?”

“ತಿಳೀಲಾರದ ತಿಂದೀವಿ,” ಅಂದಳು ಅಕ್ಕ. “ತಿಳದ ಮ್ಯಾಲ ಇನ್ನೊಬ್ರ ಗಂಗಾಳಕ್ಕ ನಾ ಹಾಕಂಗಿಲ್ಲ.”

ಹಾಗಾದರೆ ನಮ್ಮ ಗಂಗಾಳಕ್ಕೆ ಏನು ಹಾಕುತ್ತೀ ಅಂತ ಗೆಳತಿ ಕೇಳಿದಳು. ಅದು ಸರಿಯಾದ ಪ್ರಶ್ನೆ. ಅಕ್ಕ ಮರುದಿನ ಕೊಟ್ಟಿಗೆಯಲ್ಲಿದ್ದ ಎಮ್ಮೆ ಮಾರಿದಳು. ಬಂದದ್ದನ್ನು ಹೆಂಗಸರಿಗೆ ಹಂಚಿದಳು, ಯಾರಿಗೂ ಪೂರ್ತಿ ಮುಟ್ಟಲಿಲ್ಲ. ತೆಗೆದುಕೊಂಡವರಲ್ಲಿ ಅರ್ಧ ಜನ ಮುಖ ತಿರುಗಿಸಿಕೊಂಡೇ ತೆಗೆದುಕೊಂಡರು.

ಚೀಲಗಳನ್ನು ಹಾಳುಮಾಡುವುದೂ ಹಗುರ ಕೆಲಸವಲ್ಲ. ಮೆಣಸಿನಕಾಯಿ ಸುಡುವ ಹಾಗಿಲ್ಲ, ಸುಟ್ಟರೆ ಅರ್ಧ ರೋಣ ಕೆಮ್ಮುತ್ತದೆ. ತಿಪ್ಪೆಗೆ ಹಾಕಿದರೆ ರಾತ್ರೋರಾತ್ರಿ ಯಾರಾದರೂ ಹೊತ್ತುಕೊಂಡು ಹೋಗಿ ಅದೇ ಖಾರದವನಿಗೆ ಮಾರುತ್ತಾರೆ. ಭಾವ ಹೊಲದ ಮೂಲೆಯಲ್ಲಿ ಆಳ ಗುಂಡಿ ತೋಡಿದರು. ಎರೆಮಣ್ಣು, ಬೇಸಿಗೆಗೆ ಕಲ್ಲಾಗಿತ್ತು, ಹಾರೆ ಕುಣಿಯುತ್ತಿತ್ತು. ಚೀಲ ಬಿಚ್ಚಿ ಸುರಿದೆವು. ಅಷ್ಟು ಕೆಂಪು ಕಾಯಿ ಕರಿಮಣ್ಣಿನೊಳಗೆ ಬಿದ್ದದ್ದನ್ನು ನೋಡಿ ನನಗೆ ಅಳು ಬಂತು, ಅಕ್ಕನಿಗೆ ಬರಲಿಲ್ಲ. ಭರಣಿಯಲ್ಲಿದ್ದ ಚಟ್ನಿಯನ್ನೂ ತಂದಿದ್ದಳು, ಅದನ್ನೂ ಹಾಕಿ ಮಣ್ಣು ಎಳೆದಳು.

ಮುಂದಿನ ಸುಗ್ಗಿಯ ಮೊದಲು ಗಜೇಂದ್ರಗಡದಲ್ಲಿ ಒಂದು ತಿಳಿವಳಿಕೆ ಸಭೆ ಇತ್ತು. ವ್ಯಾಪಾರಸ್ಥರು, ರೈತರು, ಶೆಡ್ಡು ನಡೆಸುವವರು ಎಲ್ಲರನ್ನೂ ಕರೆದಿದ್ದರು. ಅಕ್ಕನ ಜೊತೆ ನಾನೂ ಹೋದೆ. ಹೊರಗಿನಿಂದ ಬಂದ ತಜ್ಞರೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದರು. ಬೇವಿನ ಟೊಂಗೆಯಿಂದ ನೀರು ಚಿಮುಕಿಸುವ ಹೆಂಗಸಿನ ಚಿತ್ರ ಬಂತು, ಅದರ ಮೇಲೆ ದೊಡ್ಡ ಕೆಂಪು ಅಡ್ಡಗೆರೆ. ಅಜ್ಞಾನದಿಂದ ರಫ್ತಿಗೆ ಆಗುವ ಹಾನಿ ಇದು ಅಂದರು. ನಾನು ಎದ್ದು ನಿಂತು ಎರಡು ಬಿಸಿಲಿನ ವಿಷಯ ಕೇಳಿದೆ. ನೀರು ಹಾಕಿದರೂ ಆಮೇಲೆ ಪೂರ್ತಿ ಒಣಗಿಸಿದರೆ ಬೂಸ್ಟು ಬರುವುದಿಲ್ಲವಲ್ಲ, ಒಣಗಿಸಲು ದಿನ ಕೊಡದವರ ಚಿತ್ರ ಯಾಕೆ ಇಲ್ಲ ಅಂದೆ. ಅವರು ನಗುಮುಖದಿಂದ, ಇಂದಿನ ವ್ಯಾಪಾರದಲ್ಲಿ ವೇಗವೇ ಮುಖ್ಯ ಮೇಡಂ, ನೀರೇ ಹಾಕದಿದ್ದರೆ ಒಣಗಿಸುವ ಪ್ರಶ್ನೆಯೇ ಬರುವುದಿಲ್ಲವಲ್ಲ ಅಂದರು. ಸಭೆ ಚಪ್ಪಾಳೆ ತಟ್ಟಿತು. ಘಾಟಿನ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುವಷ್ಟರಲ್ಲಿ ಚಹಾ ಬಂತು.

ಸುಗ್ಗಿಗೆ ಸಾಹುಕಾರರು ಹೊಸ ಕರಾರು ತಂದರು. ಇನ್ನು ಒಂದು ಹನಿ ನೀರೂ ಕೂಡದು, ಒಣ ಕಾಯಿಯ ತೊಟ್ಟು ಒಣಗಿದ್ದಂತೆಯೇ ತೆಗೆಯಬೇಕು. ಅದಕ್ಕಾಗಿ ಮೂಗಿಗೆ ಕಟ್ಟುವ ತೆಳ್ಳನೆಯ ಬಟ್ಟೆಗಳ ಒಂದು ಪೊಟ್ಟಣವನ್ನೂ ತಂದಿದ್ದರು. ಹೆಂಗಸರು ಅದನ್ನು ಕಟ್ಟಿಕೊಂಡು ಕೂತ ಫೋಟೋ ಬೇಕಿತ್ತು, ಕೊಳ್ಳುವ ದೇಶದವರಿಗೆ ಕಳಿಸಲಿಕ್ಕೆ. ಫೋಟೋ ತೆಗೆಸಿಕೊಂಡರು. ಆ ಬಟ್ಟೆ ಕಟ್ಟಿಕೊಂಡು ಮುಂಜಾನೆಯಿಂದ ಊಟದ ಹೊತ್ತಿನ ತನಕ ಕೆಲಸವನ್ನೂ ಮಾಡಿದರು. ಮಧ್ಯಾಹ್ನಕ್ಕೆ ಶೆಡ್ಡಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಕೆಮ್ಮು. ಕೂಸಿದ್ದವಳು ಎದ್ದು ಮನೆಗೆ ಹೋದಳು. ಅಕ್ಕನಿಗೆ ಮೊದಲೇ ಎದೆ ಸೂಕ್ಷ್ಮ, ಅವತ್ತು ಉಸಿರು ಎಳೆದುಕೊಳ್ಳಲಾರದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ದವಾಖಾನೆಯ ಡಾಕ್ಟರು ಔಷಧಿ ಬರೆದು, ಖಾರದ ಕೆಲಸ ಬಿಡಬೇಕು ಅಂದರು.

ಅಕ್ಕ ಸಾಹುಕಾರರಿಗೆ ಫೋನು ಮಾಡಿ, ನೀರೂ ಬೇಕು ಎರಡು ಬಿಸಿಲೂ ಬೇಕು, ಇಲ್ಲದಿದ್ದರೆ ಚೀಲ ಒಯ್ಯಿರಿ ಅಂದಳು. ಸಾಹುಕಾರರು ಜಗಳವಾಡಲಿಲ್ಲ. ಲಾರಿ ಕಳಿಸಿ ಚೀಲ ಒಯ್ದರು. ರಾಜೂರಿನಲ್ಲಿ ನೀರು ಹಾಕದೆಯೇ ತೊಟ್ಟು ತೆಗೆಯುವವರಿದ್ದಾರೆ, ನಿನ್ನ ಮೇಲೆ ನನಗೇನೂ ಬೇಜಾರಿಲ್ಲ ಅಂತ ಹೇಳಿಯೇ ಒಯ್ದರು.

ರಾಜೂರಿನಲ್ಲಿ ಆ ಕೆಲಸ ಹಿಡಿದವಳು ಬೇರೆ ಯಾರೂ ಅಲ್ಲ, ಭಾವನ ತಂಗಿ, ಅಕ್ಕನ ನಾದಿನಿ. ಮುಂದಿನ ರವಿವಾರ ಅಕ್ಕ ನನ್ನನ್ನೂ ಕರೆದುಕೊಂಡು ರಾಜೂರಿಗೆ ಹೋದಳು. ಅವಳ ಲೆಕ್ಕ ಸರಳವಾಗಿತ್ತು. ಎರಡೂ ಊರಿನವರು ಸೇರಿ ಒಲ್ಲೆ ಅಂದರೆ ಸಾಹುಕಾರರು ಬಿಸಿಲು ಕೊಡಲೇಬೇಕಾಗುತ್ತದೆ. ಅರ್ಥಶಾಸ್ತ್ರ ಕಲಿಸುವವಳು ನಾನು, ನನಗೂ ಅದೇ ಸರಿ ಅನಿಸಿತ್ತು. ಅಲ್ಲಿಯ ಶೆಡ್ಡಿನಲ್ಲಿ ಹೆಂಗಸರು ಮೂಗು ಬಾಯಿ ಸೇರಿಸಿ ಸೆರಗು ಬಿಗಿದುಕೊಂಡು ಕೂತಿದ್ದರು, ಕಣ್ಣಷ್ಟೇ ಕಾಣುತ್ತಿದ್ದವು, ಅವೂ ಕೆಂಪಾಗಿದ್ದವು. ನಾದಿನಿ ಹೊರಗೆ ಬಂದು ಸೆರಗು ಬಿಚ್ಚಿ ಕೆಮ್ಮಿ ಉಗಿದು, ಅಕ್ಕ ಹೇಳಿದ್ದನ್ನೆಲ್ಲ ಕೇಳಿದಳು.

“ವೈನೀ, ನೀ ಒಲ್ಲೆ ಅಂದಿ, ನಮ್ಮ ಕಡೆ ಬಂತು. ನಾ ಒಲ್ಲೆ ಅಂದ್ರ ಮತ್ತೊಂದೂರಿಗೆ ಹೋಗ್ತೈತಿ. ಒಲ್ಲೆ ಅನ್ನೂ ಊರ ಎಷ್ಟ ಅದಾವ ಹೇಳ ನೋಡೂಣ.”

ನಮ್ಮಲ್ಲಿ ದುಡಿಯುವ ಕೈ ಅಗ್ಗ, ಅದೇ ನಮ್ಮ ಬಲ ಅಂತ ನಾನು ಬರೆಸುವ ಟಿಪ್ಪಣಿಯ ಅರ್ಥ ಆ ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು. ಯಾವ ಊರಿನ ಹೆಂಗಸರು ಹೆಚ್ಚು ಕೆಮ್ಮಲು ತಯಾರಿದ್ದಾರೋ ಮೆಣಸಿನಕಾಯಿ ಆ ಊರಿಗೆ ಹೋಗುತ್ತದೆ. ಅವರಿಗಿಂತ ಹೆಚ್ಚು ಕೆಮ್ಮುವವರು ಸಿಕ್ಕರೆ ಅಲ್ಲಿಂದಲೂ ಎದ್ದು ಹೋಗುತ್ತದೆ. ನಾದಿನಿ ನಮಗೆ ಚಹಾ ಮಾಡಿಕೊಟ್ಟಳು. ಹೋಗುವಾಗ ಅಕ್ಕನಿಗೆ ಕುಂಕುಮ ಹಚ್ಚಿದಳು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ಹಾಗಂತ ನನ್ನ ಸಿಟ್ಟು ಕಡಿಮೆಯಾಯಿತು ಅಂದರೆ ಸುಳ್ಳಾಗುತ್ತದೆ, ಬಸ್ಸಿನಲ್ಲಿ ಕಂಡಕ್ಟರನ ಮೇಲೆ ಚಿಲ್ಲರೆಗಾಗಿ ಹರಿಹಾಯ್ದೆ.

ರೋಣದ ಶೆಡ್ಡು ಆ ಸುಗ್ಗಿಯ ಬಹುಪಾಲು ಖಾಲಿ ಇತ್ತು. ಓಣಿಯ ಹೆಂಗಸರು ಕೆಲವರು ಕಡಲೆ ಕೀಳಲು ಹೋದರು, ಅದೂ ಬೇಗ ಮುಗಿಯಿತು. ಸಂಜೆ ಅಕ್ಕನ ಕಟ್ಟೆಗೆ ಬಂದು ಕೂರುತ್ತಿದ್ದರು, ಕೆಲಸದ ಮಾತು ಎತ್ತುತ್ತಿರಲಿಲ್ಲ, ಆದರೂ ಯಾಕೆ ಬಂದಿದ್ದಾರೆ ಅಂತ ಅಕ್ಕನಿಗೆ ತಿಳಿಯುತ್ತಿತ್ತು. ಪಕ್ಕದ ಮನೆಯ ಗೆಳತಿಯೊಬ್ಬಳೇ ಬರುತ್ತಿರಲಿಲ್ಲ. ಅವಳ ಮಗಳು ಫೀ ಕಟ್ಟಲಾಗದೆ ನರ್ಸಿಂಗ್ ಬಿಟ್ಟು ಮನೆಗೆ ಬಂದಿದ್ದಾಳೆ ಅಂತ ಮೂರನೆಯವರಿಂದ ತಿಳಿಯಿತು. ಅದು ತಿಳಿದ ದಿನವೇ ಅಕ್ಕ ಸಾಹುಕಾರರಿಗೆ ಫೋನು ಮಾಡಿದಳು. ಕೊನೆಯ ಹಡಗಿನ ಮಾಲು ಇನ್ನೂ ಬಾಕಿ ಇತ್ತು, ರಾಜೂರಿನವರಿಗೆ ಮುಗಿಸಲಾಗಿರಲಿಲ್ಲ. ಕಳಸ್ರಿ ಅಂದಳಂತೆ. ನೀರು, ಬಿಸಿಲು, ಏನೂ ಕೇಳಲಿಲ್ಲವಂತೆ.

ನನಗೆ ಹೇಳಿರಲಿಲ್ಲ. ಗುರುವಾರ ಮಧ್ಯಾಹ್ನ ನಾನು ನರಗುಂದದಿಂದ ಸುಮ್ಮನೆ ಮಾತಾಡಿಸಲು ಫೋನು ಹಚ್ಚಿದಾಗ ಮೊದಲು ಕೇಳಿದ್ದು ಅವಳ ದನಿಯಲ್ಲ, ಹಿಂದೆ ಶೆಡ್ಡು ತುಂಬ ಕೆಮ್ಮು. ಆಮೇಲೆ ಅವಳದು. ನಾನು ಬೈದೆ. ಡಾಕ್ಟರು ಏನಂದಿದ್ದರು ನೆನಪಿದೆಯಾ ಅಂದೆ, ಪರರ ಹೊಟ್ಟೆಗೆ ಆಗಬಾರದು ಅಂತ ಎಮ್ಮೆ ಮಾರಿದವಳು ನಿನ್ನ ಎದೆಗೆ ಆದರೆ ನಡೆಯುತ್ತದೇನು ಅಂದೆ, ಈಗಲೇ ಎದ್ದು ಹೊರಗೆ ಬಾ ಅಂತ ಒದರಿದೆ. ಸ್ಟಾಫ್ ರೂಮಿನಲ್ಲಿದ್ದವರು ತಿರುಗಿ ನೋಡಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಉಸಿರು ಹಿಡಿದು, ಮಾತು ಬಿಡಿಸಿ ಬಿಡಿಸಿ ಹೇಳಿದಳು.

“ಹಡಗ ಹೋಗೂತನಕ ಅಷ್ಟವಾ.”

ಒಂದು ಹೋದರೆ ಇನ್ನೊಂದು ಬಂದು ನಿಲ್ಲುತ್ತದೆ ಅಂತ ಹೇಳಬೇಕೆನಿಸಿತು. ಅಷ್ಟರಲ್ಲಿ ಆ ಕಡೆ ಅವಳಿಗೆ ಮತ್ತೆ ಕೆಮ್ಮು ಹತ್ತಿತ್ತು.